ಸ್ಟಾರ್ಟ್ ಆಗುತ್ತದೆ, ನಿಲ್ಲುತ್ತದೆ: ನಮ್ಮ ಹುಲ್ಲಿನ ಮೆಷಿನಿನ ಮೂರನೇ ವರ್ಷ

ಸ್ಟಾರ್ಟೇ ಆಗದ ಮೆಷಿನನ್ನು ಹೇಗಾದರೂ ಸಹಿಸಬಹುದು. ಹಾಳಾಗಿದೆ ಅಂತ ಗೊತ್ತಾಗುತ್ತದೆ, ಜೀಪಿಗೆ ಹಾಕಿ ಕಳಿಸಿದರಾಯ್ತು. ನಮ್ಮ ಹುಲ್ಲು ಹೆರೆಯುವ ಮೆಷಿನು (ಬ್ರಷ್ ಕಟರ್) ಹಾಗಲ್ಲ. ಒಂದೇ ಎಳೆತಕ್ಕೆ ಸ್ಟಾರ್ಟ್ ಆಗುತ್ತದೆ, ಒಂದು ಸಾಲು ಅಡಿಕೆ ಮರದ ಬುಡ ಚಂದಕ್ಕೆ ಹೆರೆಯುತ್ತದೆ, ಮೈ ಬೆವರುವ ಹೊತ್ತಿಗೆ ಸದ್ದು ಮೆತ್ತಗಾಗಿ ನಿಂತೇ ಬಿಡುತ್ತದೆ. ಹತ್ತು ನಿಮಿಷ ಕೂತೆದ್ದು ಎಳೆದರೆ ಮತ್ತೆ ಏನೂ ಆಗದವರ ಹಾಗೆ ಓಡುತ್ತದೆ!

ಕಾಸರಗೋಡಿನ ಪೆರ್ಲದ ಹತ್ತಿರ ನಮ್ಮ ತೋಟ. ಮೆಷಿನು ಹೆಗಲಿಗೆ ನೇತುಹಾಕುವ 4 ಸ್ಟ್ರೋಕಿನದ್ದು, ಸಬ್ಸಿಡಿಯಲ್ಲಿ ತೆಗೆದದ್ದು. ಸಿಸಿ, ತೂಕ ಎಲ್ಲ ಪೆಟ್ಟಿಗೆಯ ಮೇಲೆಯೇ ಉಂಟು. 2 ಸ್ಟ್ರೋಕ್ ಬೇಡ ಅಂದದ್ದು ಪೆಟ್ರೋಲಿಗೆ ಆಯಿಲ್ ಬೆರೆಸುವ ರಗಳೆ ಬೇಡ ಅಂತ. ಆ ವಿಷಯದಲ್ಲಿ ಇವತ್ತಿಗೂ ಬೇಜಾರಿಲ್ಲ.

ನಿಜ ಹೇಳಬೇಕಾದರೆ ಮೊದಲ ವರ್ಷ ಇದರ ಮೇಲೆ ನನಗೆ ಸ್ವಲ್ಪ ಜಾಸ್ತಿಯೇ ಪ್ರೀತಿ ಇತ್ತು. ಬೆಳಗ್ಗೆ ಚಾ ಕುಡಿದು, ತಲೆಗೆ ಮುಟ್ಟಾಳೆ, ಕಾಲಿಗೆ ಗಂಬೂಟು. ಕಾರ್ಬೊರೇಟರಿನ ಅಡಿಯಲ್ಲಿ ಒಂದು ಪುಟ್ಟ ಪ್ಲಾಸ್ಟಿಕ್ ಗುಳ್ಳೆ ಇರುತ್ತದಲ್ಲ, ಅದನ್ನು ಹೆಬ್ಬೆರಳಿನಲ್ಲಿ ಒತ್ತುತ್ತಾ ಹೋಗಬೇಕು. ಮೊದಲು ಬರೀ ಗಾಳಿ, ಮತ್ತೆ ನೊರೆ ನೊರೆ, ಆಮೇಲೆ ಪೆಟ್ರೋಲ್ ತುಂಬಿ ಗುಳ್ಳೆ ಗಟ್ಟಿಯಾಗುತ್ತದೆ. ಚೋಕ್ ಮೇಲೆ, ಹಗ್ಗಕ್ಕೆ ಒಂದು ಎಳೆತ. ನಾಚಿಕೆಮುಳ್ಳು, ಕಮ್ಯುನಿಸ್ಟ್ ಗಿಡ ಎಲ್ಲ ಚೂರು ಚೂರಾಗಿ ಹಾರುವುದನ್ನು ನೋಡುವುದೇ ಒಂದು ಖುಷಿ. ಮರದ ಬುಡದ ಹತ್ತಿರ ಹುಲ್ಲು ಕತ್ತರಿಸಲು ಗಿರಗಿರ ತಿರುಗುವ ನೈಲಾನ್ ಹಗ್ಗ, ಬದಿಯ ಕಾಡಿಗೆ ಬ್ಲೇಡ್. ಸ್ಪ್ರಿಂಕ್ಲರ್ ಪೈಪಿನ ಪಕ್ಕ ಮಾತ್ರ ಕತ್ತಿಯೇ ಸೈ.

ತೊಂದರೆ ಶುರುವಾದದ್ದು ಎರಡನೇ ಮಳೆಗಾಲ ಮುಗಿದ ಮೇಲೆ. ಅಡಿಕೆ ಬೀಳುವ ಮೊದಲು ತೋಟ ಚೊಕ್ಕ ಆಗಬೇಕು, ಇಲ್ಲದಿದ್ದರೆ ಹೆಕ್ಕುವವರಿಗೆ ಹುಲ್ಲಿನಡಿ ಏನೂ ಕಾಣುವುದಿಲ್ಲ. ಸರಿಯಾಗಿ ಅದೇ ಹೊತ್ತಿಗೆ ಇದರ ಈ ಆಟ. ಸರ್ವಿಸಿನವರು ಪ್ಲಗ್ ಬದಲಾಯಿಸಿದರು, ಕಾರ್ಬೊರೇಟರ್ ತೊಳೆದರು, ಅದರೊಳಗೆ ಪೆಟ್ರೋಲ್ ಎಳೆಯುವ ತೆಳು ಪರದೆ, ಡಯಾಫ್ರಾಮ್, ಹೊಸತು ಹಾಕಿದರು. ಮುಂದಿನ ಸಲ ಪ್ಲಗ್ಗಿಗೆ ಕರೆಂಟು ಕೊಡುವ ಕಾಯಿಲ್ ಮೇಲೆ ಸಂಶಯ ಅಂದರು. ಪ್ರತಿ ಸಲ ಬಿಲ್ ಮಾತ್ರ ಸರಿಯಾಗಿ ಬರುತ್ತಿತ್ತು. ಮೇಜಿನ ಮೇಲಿಟ್ಟು ನಾಲ್ಕು ನಿಮಿಷ ಓಡಿಸಿ 'ಈಗ ಪರ್ಫೆಕ್ಟ್' ಅನ್ನುತ್ತಿದ್ದರು. ನಾಲ್ಕು ನಿಮಿಷ ಅದು ನಮ್ಮಲ್ಲೂ ಪರ್ಫೆಕ್ಟೇ ಓಡುತ್ತದೆ, ಮಾರಾಯ್ರೆ.

ಒಬ್ಬರು ಪೆಟ್ರೋಲಿಗೆ ಬೈದರು. ಈಗಿನದ್ದರಲ್ಲಿ 20 ಶೇಕಡಾ ಎಥನಾಲ್, ಅದು ಗಾಳಿಯ ತೇವ ಎಳೆಯುತ್ತದೆ, ರಬ್ಬರನ್ನು ಹಾಳು ಮಾಡುತ್ತದೆ ಅಂತ. ಸುಳ್ಳಲ್ಲ. ನಾವೂ ಲೀಟರಿಗೆ ನಾಲ್ಕು ಕಾಸು ಉಳಿಯುತ್ತದೆ ಅಂತ ಸಾರಡ್ಕದ ಗಡಿ ದಾಟಿ ಕರ್ನಾಟಕದಿಂದ ಪೆಟ್ರೋಲ್ ತರುವವರು, ಕ್ಯಾನಿನಲ್ಲಿ ಅದು ಕೂತೇ ಇರುತ್ತದೆ. ಹೊಸ ಪೆಟ್ರೋಲ್ ಹಾಕಿ ನೋಡಿದೆ. ಆಗಲೂ ಅದೇ ಕಥೆ.

ಕೊನೆಗೆ ಗುಟ್ಟು ರಟ್ಟಾದದ್ದು ಅಡಿಕೆಗೆ ಬೋರ್ಡೋ ಮದ್ದು ಬಿಡಲು ಬಂದ ಹುಡುಗನಿಂದ. ಮೆಷಿನು ನಿಂತ ಕೂಡಲೇ ಬಂದು ಪೆಟ್ರೋಲ್ ಟ್ಯಾಂಕಿನ ಮುಚ್ಚಳಕ್ಕೆ ಕಿವಿ ಕೊಟ್ಟು ಮೆಲ್ಲ ತಿರುಗಿಸಿದ. 'ಸುಂಯ್' ಅಂತ ಗಾಳಿ ಒಳಗೆ ಹೋಯಿತು. ಮುಚ್ಚಳ ಬಿಗಿದು ಹಗ್ಗ ಎಳೆದ, ಓಡಿತು! ಮುಚ್ಚಳದಲ್ಲಿ ಗಾಳಿ ಹೋಗಲು ಒಂದು ಸಣ್ಣ ತೂತು, ಒಳಗೆ ಒಂದು ರಬ್ಬರ್ ವಾಲ್ವ್. ಹಸಿ ಹುಲ್ಲಿನ ಹುಡಿ, ಆಯಿಲ್, ಧೂಳು ಸೇರಿ ಅದು ಕಟ್ಟಿಹೋಗಿತ್ತು. ಪೆಟ್ರೋಲ್ ಖರ್ಚಾದ ಜಾಗಕ್ಕೆ ಗಾಳಿ ಬರದಿದ್ದರೆ ಟ್ಯಾಂಕಿನಲ್ಲಿ ನಿರ್ವಾತ ಆಗುತ್ತದೆ, ಕಾರ್ಬೊರೇಟರಿಗೆ ಪೆಟ್ರೋಲ್ ಎಳೆಯಲು ಆಗುವುದಿಲ್ಲ. ನಿಲ್ಲಿಸಿ ಇಟ್ಟರೆ ಎಲ್ಲಿಂದಲೋ ಚೂರು ಚೂರೇ ಗಾಳಿ ನುಸುಳುತ್ತದೆ, ಮತ್ತೆ ಓಡುತ್ತದೆ. ನಾಲ್ಕು ನಿಮಿಷಕ್ಕೆ ಮೇಜಿನ ಮೇಲೆ ಇದು ಹೇಗೆ ಗೊತ್ತಾಗಬೇಕು?

ಹಾಗಾಗಿ ನಿಮ್ಮದೂ ಹೀಗೆ ನಿಲ್ಲುತ್ತಿದ್ದರೆ ನಿಂತ ಕ್ಷಣವೇ ಮುಚ್ಚಳ ತೆರೆದು ನೋಡಿ, ಆದರೆ ಬಿಸಿ ಸೈಲೆನ್ಸರ್ ಮೇಲೆ ಪೆಟ್ರೋಲ್ ಚೆಲ್ಲದ ಹಾಗೆ. ಗಾಳಿ ಎಳೆದುಕೊಂಡು, ಕೂಡಲೇ ಸ್ಟಾರ್ಟ್ ಆದರೆ ಮುಚ್ಚಳದ್ದೇ ಕಿತಾಪತಿ. ಗಾಳಿ ಎಳೆಯದೆ, ಒತ್ತಿದ ಗುಳ್ಳೆ ಮೇಲೇಳದಿದ್ದರೆ ಟ್ಯಾಂಕಿನೊಳಗಿನ ಫಿಲ್ಟರ್ ಅಥವಾ ಪೈಪ್ ನೋಡಬೇಕು. ಪೆಟ್ರೋಲ್ ಸರಿಯಾಗಿ ಬರುತ್ತಿದ್ದು, ಬಿಸಿಯಿದ್ದಾಗ ಮಾತ್ರ ಪ್ಲಗ್ಗಿನಲ್ಲಿ ಕಿಡಿ ಇಲ್ಲದಿದ್ದರೆ ಆಗ ಕಾಯಿಲಿನ ಮಾತು. ಅರ್ಧ ಚೋಕಿನಲ್ಲಿ ಮಾತ್ರ ಓಡುತ್ತದೆ ಅಂದರೆ ಕಾರ್ಬೊರೇಟರಿನಲ್ಲಿ ಕಸ, ಇಲ್ಲವೇ ಎಲ್ಲಿಂದಲೋ ಗಾಳಿ ಸೋರುತ್ತಿದೆ.

ಸಾಬೂನು ನೀರಿನಲ್ಲಿ ಮುಚ್ಚಳ ತೊಳೆದು ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಿದರೆ ಸಾಕಾಗುತ್ತದೆ. ಸೂಜಿ ಹಾಕಿದರೆ ವಾಲ್ವ್ ಹರಿದುಹೋಗುತ್ತದೆ. ಈಗ ಸಂಜೆ ಬ್ಲೇಡ್ ಒರೆಸುವಾಗ ಮುಚ್ಚಳಕ್ಕೂ ಒಂದು ಕೈ ಹಾಕುತ್ತೇನೆ. ಆಮೇಲೆ ಇದು ನಡುವೆ ನಿಂತಿಲ್ಲ. ಮೆಷಿನಿನ ಮೇಲಿನ ಸಿಟ್ಟೂ ಇಳಿದಿದೆ, ಪಾಪ, ಇಂಜಿನಿನದ್ದು ಏನೂ ತಪ್ಪಿರಲಿಲ್ಲ. ಸರ್ವಿಸಿನ ಮೇಲಿನ ಸಿಟ್ಟು ಹಾಗೆಯೇ ಉಂಟು.

ಐದರಲ್ಲಿ ಮೆಷಿನಿಗೆ ನಾಲ್ಕು, ಸರ್ವಿಸಿಗೆ ಒಂದು. ಎರಡು ಮೂರು ಎಕರೆ ತೋಟ ಇದ್ದು, ಹೆರೆಯಲು ಜನ ಸಿಗದವರು ಧೈರ್ಯವಾಗಿ ತೆಗೆಯಬಹುದು. ಹತ್ತು ಸೆಂಟ್ಸಿನ ಅಂಗಳಕ್ಕೆ ಸುಮ್ನೆ ದುಡ್ಡು ಹಾಕಬೇಡಿ, ಬಾಡಿಗೆಗೆ ಸಿಗುತ್ತದೆ. ತೆಗೆಯುವಾಗ ಒಂದು ಮುಚ್ಚಳ ಹೆಚ್ಚಿಗೆ ಕೇಳಿ ಇಟ್ಟುಕೊಳ್ಳಿ. ಎರಡು ಪ್ಲೇಟ್ ಗೋಳಿಬಜೆಯ ರೇಟು ಅಷ್ಟೇ, ಆದರೆ ಬೇಕಾದಾಗ ಅಂಗಡಿಯಲ್ಲಿ ಸ್ಟಾಕ್ ಇರುವುದಿಲ್ಲ.