ಕೋರ್ಟಿನ ಹಳೇ ಕಾಗದ ತೆಗೆಸುವುದು ಹೇಗೆ: ವೆಬ್‌ಸೈಟ್, ಗುಮಾಸ್ತರು, ಆರ್‌ಟಿಐ, ಕೌಂಟರ್

ಮೊದಲೇ ಹೇಳಿಬಿಡುತ್ತೇನೆ. ತಾಲ್ಲೂಕು ಕೋರ್ಟಿನಿಂದ ಹಳೇ ಕೇಸಿನ ಸರ್ಟಿಫೈಡ್ ಕಾಪಿ ಬೇಕಾದರೆ ನನ್ನ ಓಟು ನಕಲು ವಿಭಾಗದ ಕೌಂಟರಿಗೆ. ನಾವೇ ಹೋಗಿ, ನಾವೇ ಅರ್ಜಿ ಬರೆದು, ನಾವೇ ತರುವುದು. ಉಳಿದ ಮೂರು ದಾರಿಯಲ್ಲೂ ಓಡಾಡಿ ನೋಡಿದ್ದೇನೆ. ಒಂದರಲ್ಲಿ ದುಡ್ಡು ಹೋಯಿತು, ಒಂದರಲ್ಲಿ ಸುಮ್ನೆ ತಿಂಗಳು ಹೋಯಿತು. ಇನ್ನೊಂದು ಅರ್ಧದವರೆಗೆ ಚೆನ್ನಾಗಿ ಕರೆದುಕೊಂಡು ಹೋಗಿ ಅಲ್ಲೇ ಬಿಟ್ಟಿತು.

ನನಗೆ ಬೇಕಿದ್ದದ್ದು ಅಪ್ಪ ಮತ್ತು ದೊಡ್ಡಪ್ಪನ ನಡುವೆ ನಡೆದ ಪಾಲಿನ ದಾವೆಯ ಡಿಕ್ರಿ, ಅಂದರೆ ಕೋರ್ಟ್ ತೀರ್ಮಾನಿಸಿದ್ದನ್ನು ಬರೆದುಕೊಡುವ ಆದೇಶದ ಕಾಗದ. ಅಪ್ಪ ಈಗಿಲ್ಲ. ಜಮೀನು ಇರುವುದು ಮಲೆನಾಡಿನ ಒಳಗೆ, ಬೆಳಿಗ್ಗೆ ಒಂದು ಸಂಜೆ ಒಂದು ಬಸ್ ಬರುವ ಊರಿನಲ್ಲಿ. ಪಹಣಿಯಲ್ಲಿ ಇನ್ನೂ ಜಂಟಿ ಹೆಸರು. ಬೇರೆ ಮಾಡಿಸೋಣ ಅಂತ ನಾಡಕಚೇರಿಗೆ ಹೋದರೆ, "ಕೋರ್ಟ್ ಡಿಕ್ರಿ ತನ್ನಿ. ಜೆರಾಕ್ಸ್ ಆಗಲ್ಲ, ಸರ್ಟಿಫೈಡ್ ಕಾಪಿನೇ ಬೇಕು" ಅಂದರು. ಮನೆಯ ಟ್ರಂಕಿನಲ್ಲಿ ಇದ್ದದ್ದು ಗೆದ್ದಲು ತಿಂದ ಜೆರಾಕ್ಸು. ಕೇಸ್ ನಂಬರ್ ಇರುವ ಮೂಲೆಯೇ ಮಾಯ.

ಮನೆಯಲ್ಲೇ ಕೂತು ಆಗುವ ಕೆಲಸ ಅಂದರೆ ಇ-ಕೋರ್ಟ್ಸ್ ವೆಬ್‌ಸೈಟ್. ಮೊಬೈಲ್ ಆ್ಯಪೂ ಇದೆ, ಎರಡೂ ಪುಕ್ಕಟೆ. ಅಲ್ಲಿರುವ ಪ್ರತಿ ಕೇಸಿಗೂ ಸಿಎನ್‌ಆರ್ ಅಂತ 16 ಅಕ್ಷರ-ಅಂಕಿಯ ಒಂದು ನಂಬರ್ ಇರುತ್ತದೆ. ಅದು ಕೈಯಲ್ಲಿದ್ದರೆ ಕೇಸಿನ ಜಾತಕವೇ ಒಂದು ನಿಮಿಷದಲ್ಲಿ ತೆರೆದುಕೊಳ್ಳುತ್ತದೆ. ಇಲ್ಲದಿದ್ದರೆ ಜಿಲ್ಲೆ ಆರಿಸಿ, ಕೋರ್ಟ್ ಕಾಂಪ್ಲೆಕ್ಸ್ ಆರಿಸಿ, ಪಾರ್ಟಿಯ ಹೆಸರು ಮತ್ತು ಇಸವಿ ಹಾಕಿ ಹುಡುಕಬೇಕು. ತಲೆನೋವು ಶುರುವಾಗುವುದು ಇಲ್ಲಿಂದ.

ಹೆಸರುಗಳೆಲ್ಲ ಇಂಗ್ಲಿಷಿನಲ್ಲಿ ಕೂತಿವೆ. ಅಪ್ಪನ ಹೆಸರು ಗಣಪತಿ ಅಂತ ಇಟ್ಟುಕೊಳ್ಳಿ. ಟಿ ಆದ ಮೇಲೆ ಎಚ್ ಇದೆಯೋ ಇಲ್ಲವೋ? ಜಿ ಎ ಎನ್ ಆದ ಮೇಲೆ ಇನ್ನೊಂದು ಎ ಇದೆಯೋ? ಹೆಗಡೆಯ ನಡುವೆ ಎ ಇದೆಯೋ? ಕಂಪ್ಯೂಟರಿಗೆ ಏರಿಸಿದವರ ಕೈ ಆ ದಿನ ಹೇಗೆ ಹೋಯಿತೋ ಹಾಗೆ. ಸಾಲದ್ದಕ್ಕೆ ನಮ್ಮ ಕಡೆಯ ದಾವೆ ಪತ್ರಗಳಲ್ಲಿ ಹೆಸರಿನ ಹಿಂದೆಯೇ "ಬಿನ್" ಅಂತ ತಂದೆಯ ಹೆಸರು, ಹೆಂಗಸರಾದರೆ "ಕೋಂ" ಅಂತ ಗಂಡನ ಹೆಸರು ಇರುತ್ತದೆ. ಒಂದು ಕೇಸಿನಲ್ಲಿ ಅದೂ ಸೇರಿಕೊಂಡಿದೆ, ಇನ್ನೊಂದರಲ್ಲಿ ಇಲ್ಲ. ಕೆಲವು ಕಡೆ ಇನಿಷಿಯಲ್ ಮುಂದೆ, ಕೆಲವು ಕಡೆ ಹಿಂದೆ. ಪೂರ್ತಿ ಹೆಸರು ಹೊಡೆದರೆ "ದಾಖಲೆ ಸಿಗಲಿಲ್ಲ" ಅನ್ನುತ್ತದೆ. ಬರೀ ಮೂರಕ್ಷರ ಹೊಡೆದರೆ ಆ ತಾಲ್ಲೂಕಿನ ಗಣಪತಿಗಳೆಲ್ಲ ಸಾಲಾಗಿ ಬಂದು ನಿಲ್ಲುತ್ತಾರೆ. ನಮ್ಮ ಕಡೆ ಆ ಹೆಸರಿಗೇನು ಬರವೇ?

ಆದರೂ ಮೂರ್ನಾಲ್ಕು ಅಕ್ಷರದ ದಾರಿಯೇ ವಾಸಿ. ಹೆಸರಿನಲ್ಲಿ ಯಾರು ಬರೆದರೂ ಬದಲಾಗದ ತುಂಡನ್ನು ಮಾತ್ರ ಹಾಕಿ. ವಾದಿಯ ಹೆಸರಿಗೆ ಸಿಗದಿದ್ದರೆ ಪ್ರತಿವಾದಿಯ ಹೆಸರು ಹಾಕಿ, ಅದರಲ್ಲೂ ಅಪರೂಪದ ಹೆಸರಿನವರು ಯಾರಾದರೂ ಇದ್ದರೆ ಅವರದೇ ಹಾಕಿ. ಪೆಂಡಿಂಗ್, ಡಿಸ್ಪೋಸ್ಡ್, ಎರಡೂ ಅಂತ ಮೂರು ಆಯ್ಕೆ ಇರುತ್ತವೆ. ಕೇಸ್ ಮುಗಿದಿದೆಯೋ ಇಲ್ಲವೋ ಅನುಮಾನ ಇದ್ದರೆ "ಎರಡೂ" ಒತ್ತಿ. ಇಸವಿ ವಿಷಯ ಇನ್ನೂ ಮುಖ್ಯ. ಅಲ್ಲಿ ಕೇಳುವುದು ಕೇಸ್ ದಾಖಲಾದ ಇಸವಿ. ಮನೆಯವರ ನೆನಪಿನಲ್ಲಿ ಉಳಿದಿರುವುದು ತೀರ್ಪಾದ ಇಸವಿ. ಪಾಲಿನ ದಾವೆಯಲ್ಲಿ ಇವೆರಡರ ನಡುವೆ ಒಂದು ಮಗು ಹುಟ್ಟಿ ಹೈಸ್ಕೂಲ್ ಮುಗಿಸಬಹುದು. ಹಾಗಾಗಿ ಒಂದೊಂದೇ ವರ್ಷ ಹಿಂದಕ್ಕೆ ಹೋಗಬೇಕು.

ಪ್ರತಿ ವರ್ಷಕ್ಕೂ ಮತ್ತೆ ಕ್ಯಾಪ್ಚಾ. ನಮ್ಮೂರಲ್ಲಿ ಟವರ್ ಸಿಗುವುದು ತೋಟದ ಮೇಲಿನ ಗುಡ್ಡದಲ್ಲಿ. ಸೊಟ್ಟ ಅಕ್ಷರದ ಆ ಚಿತ್ರ ಅರ್ಧ ಇಳಿದು ನಿಲ್ಲುತ್ತದೆ. ಪೂರ್ತಿ ಇಳಿದು, ನಾವು ಕಣ್ಣು ಕಿರಿದು ಮಾಡಿ ಓದಿ, ಹೊಡೆದು ಕಳಿಸುವಷ್ಟರಲ್ಲಿ ಸೆಷನ್ ಮುಗಿದಿರುತ್ತದೆ. ಮತ್ತೆ ಮೊದಲಿಂದ ಜಿಲ್ಲೆ ಆರಿಸಿ.

ಇನ್ನೊಂದು ಗೊಂದಲ ಕೋರ್ಟ್ ಯಾವುದು ಅನ್ನುವುದು. ಈಗ ನಮ್ಮ ತಾಲ್ಲೂಕಿಗೇ ಕೋರ್ಟ್ ಇದೆ. ಆ ದಾವೆ ಹಾಕುವಾಗ ಇರಲಿಲ್ಲ. ಆಗ ಎಲ್ಲರೂ ಪಕ್ಕದ ತಾಲ್ಲೂಕಿನ ಮುನ್ಸಿಫ್ ಕೋರ್ಟಿಗೆ ಹೋಗುತ್ತಿದ್ದರು, ಮುಗಿದ ಕಡತ ಅಲ್ಲೇ ಉಳಿದಿದೆ. ನಿಮ್ಮದೂ ಹಳೇ ಕೇಸಾದರೆ ಮನೆಯ ಹಿರಿಯರನ್ನು "ಯಾವ ಊರಿಗೆ ವಾಯಿದೆಗೆ ಹೋಗ್ತಿದ್ರಿ?" ಅಂತ ಕೇಳಿ. ಕೋರ್ಟಿನ ಹೆಸರು ಮರೆತವರೂ ಬಸ್ ಇಳಿಯುತ್ತಿದ್ದ ಊರು ಮರೆತಿರುವುದಿಲ್ಲ.

ಕೊನೆಗೆ ನನಗೆ ನಂಬರ್ ಸಿಕ್ಕಿದ್ದು ವೆಬ್‌ಸೈಟಿನಲ್ಲಿ ಅಲ್ಲವೇ ಅಲ್ಲ. ಪಹಣಿಯ 11ನೇ ಕಾಲಂನಲ್ಲಿ! ಹಕ್ಕು ಮತ್ತು ಋಣ ಬರೆಯುವ ಜಾಗ ಅದು. ಬ್ಯಾಂಕ್ ಸಾಲದ ಜೊತೆ ಕೋರ್ಟಿನ ತಡೆಯಾಜ್ಞೆಯನ್ನೂ ಅಲ್ಲಿ ನಮೂದು ಮಾಡಿರುತ್ತಾರೆ. ಹಳೇ ವರ್ಷದ ಪಹಣಿ ತೆಗೆಸಿದಾಗ ಓ.ಎಸ್. (ಒರಿಜಿನಲ್ ಸೂಟ್, ಅಂದರೆ ಮೂಲ ದಾವೆ) ನಂಬರ್, ಇಸವಿ ಎರಡೂ ಅಲ್ಲಿ ಕೂತಿದ್ದವು. ಆಮೇಲೆ ವೆಬ್‌ಸೈಟಿನಲ್ಲಿ ಕೇಸ್ ನಂಬರ್ ಹಾಕಿ ಹುಡುಕಿದರೆ ತಕ್ಷಣ ಬಂತು. ವಿಲೇವಾರಿಯಾದ ತಾರೀಖೂ ಸಿಕ್ಕಿತು. ತೀರ್ಪಿನ ಪಿಡಿಎಫ್ ಮಾತ್ರ ಇರಲಿಲ್ಲ. ಇತ್ತೀಚಿನ ಕೇಸುಗಳಿಗೆ ಸಿಗುತ್ತದೆ, ಆದರೆ ಸಿಕ್ಕರೂ ಅದು ಓದಿಕೊಳ್ಳಲಿಕ್ಕೆ. ಸೀಲು, ಸಹಿ ಇರುವ ಸರ್ಟಿಫೈಡ್ ಕಾಪಿಯ ಜಾಗದಲ್ಲಿ ಅದನ್ನು ಯಾರೂ ತೆಗೆದುಕೊಳ್ಳುವುದಿಲ್ಲ.

ನಂಬರ್ ಸಿಕ್ಕಿದ ಖುಷಿಯಲ್ಲಿ ಕೆಲಸವನ್ನು ಒಬ್ಬ ವಕೀಲರ ಗುಮಾಸ್ತರಿಗೆ ಒಪ್ಪಿಸಿದೆ. ಈ ದಾರಿಯ ಅನುಕೂಲ ಸುಳ್ಳಲ್ಲ. ಅವರಿಗೆ ರೆಕಾರ್ಡ್ ರೂಮಿನವರು ಹೆಸರು ಹಿಡಿದು ಕರೆಯುವಷ್ಟು ಪರಿಚಯ. ಅರ್ಜಿಯಲ್ಲಿ ಏನು ತಪ್ಪಿದರೆ ವಾಪಸ್ ಬರುತ್ತದೆ ಅನ್ನುವುದು ಬಾಯಿಪಾಠ. ನಾವು ಮನೆಯಲ್ಲಿ ಅಡಿಕೆ ಸುಲಿಯುತ್ತ ಕೂತಿರಬಹುದು. ಫೀಸಿಗೆ ಮಾತ್ರ ಲೆಕ್ಕ ಇಲ್ಲ, ಅದು ಬಾಯಿಮಾತಿನ ಬಾಬ್ತು. ಕಾಪಿಗೆ ಆಗುವ ಖರ್ಚಿಗಿಂತ ಹಲವು ಪಟ್ಟು ಜಾಸ್ತಿ ಕೊಟ್ಟೆ.

ಬಂದ ಕಾಪಿ ಹಿಡಿದು ನಾಡಕಚೇರಿಗೆ ಹೋದರೆ, "ಇದು ಪ್ರಿಲಿಮಿನರಿ ಡಿಕ್ರಿ ಅಲ್ವಾ? ಫೈನಲ್ ಎಲ್ಲಿ?" ಅಂದರು. ಗುಮಾಸ್ತರನ್ನು ಕೇಳಿದರೆ, "ನೀವು ಡಿಕ್ರಿ ಅಂದ್ರಿ, ಡಿಕ್ರಿ ತಂದುಕೊಟ್ಟೆ."

ಪಾಲಿನ ದಾವೆಯಲ್ಲಿ ಡಿಕ್ರಿ ಎರಡು. ಮೊದಲನೆಯದು ಯಾರಿಗೆ ಎಷ್ಟು ಪಾಲು ಅಂತ ಹೇಳುತ್ತದೆ: ಇವರಿಗೆ ಅರ್ಧ, ಅವರಿಗೆ ಅರ್ಧ. ಎರಡನೆಯದು ಯಾವ ಅರ್ಧ ಯಾರಿಗೆ ಅಂತ ಗಡಿ ಸಮೇತ ಹೇಳುತ್ತದೆ. ಫೈನಲ್ ಡಿಕ್ರಿ ಅಂದರೆ ಇದು, ಇದನ್ನು ಛಾಪಾ ಕಾಗದದ ಮೇಲೆ ಬರೆಯುತ್ತಾರೆ. ಇದಕ್ಕೆ ಎಫ್‌ಡಿಪಿ (ಫೈನಲ್ ಡಿಕ್ರಿ ಪ್ರೊಸೀಡಿಂಗ್ಸ್) ಅಂತ ಬೇರೆ ಪ್ರಕರಣ, ಬೇರೆ ನಂಬರ್, ಬೇರೆ ಇಸವಿ. ಓ.ಎಸ್. ನಂಬರ್ ಹಿಡಿದು ಹುಡುಕಿದವರಿಗೆ ಇದು ಕಣ್ಣಿಗೇ ಬೀಳುವುದಿಲ್ಲ. ಬೇರೆ ಅರ್ಜಿಗೆ ಕಾಯದೆ ಅದೇ ದಾವೆಯಲ್ಲೇ ಫೈನಲ್ ಡಿಕ್ರಿಗೆ ಮುಂದುವರಿಯಬೇಕು ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹೊಸ ಕೇಸಿನವರಿಗೆ ಒಳ್ಳೆಯದಾಯಿತು. ನಮ್ಮಂಥ ಹಳೇ ಕೇಸಿನವರಿಗೆ ಎರಡು ನಂಬರೇ ಗತಿ.

ಆರ್‌ಟಿಐ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಊರಿನಲ್ಲಿ ಎಲ್ಲರೂ ಕೊಡುವ ಸಲಹೆ ಅದೇ: "ಒಂದು ಆರ್‌ಟಿಐ ಜಡಿದುಬಿಡಿ." 10 ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು, ಕರ್ನಾಟಕದ ನಿಯಮದಂತೆ 150 ಪದದ ಒಳಗೆ ಬರೆದು ಕಳಿಸಿದೆ. 30 ದಿನದ ಗಡುವು ಹತ್ತಿರ ಬಂದಾಗ ಉತ್ತರ ಬಂತು: ನಕಲು ವಿಭಾಗದಲ್ಲಿ ಅರ್ಜಿ ಹಾಕಿ. ಅವರು ಹೇಳಿದ್ದು ಸರಿಯೇ. ಕೇಸಿನ ಕಡತದ ನಕಲು ಬೇಕಾದರೆ ಹೈಕೋರ್ಟಿನ ನಿಯಮದ ಪ್ರಕಾರವೇ ಕೇಳಬೇಕು, ಆರ್‌ಟಿಐ ಅಲ್ಲ ಅಂತ 2020ರ ಮಾರ್ಚ್‌ನಲ್ಲಿ ಗುಜರಾತ್ ಹೈಕೋರ್ಟಿನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನ ಮಾಡಿದೆ. ಕೋರ್ಟಿನ ಆಡಳಿತದ ಮಾಹಿತಿಗಾದರೆ ಆರ್‌ಟಿಐ ಸರಿ. ಡಿಕ್ರಿಗೆ ಬೇಡ.

ಈಗ ಕೌಂಟರ್. ಕಾಪಿ ಅರ್ಜಿಯ ಫಾರಂ ಒಂದು ಹಾಳೆ, ಅದಕ್ಕೆ ಕೋರ್ಟ್ ಫೀ ಸ್ಟಾಂಪ್. ಕೇಸ್ ನಂಬರ್, ಪಾರ್ಟಿಗಳ ಹೆಸರು, ಯಾವ ಯಾವ ಕಾಗದ ಬೇಕು, ನೀವು ಪಾರ್ಟಿಯೋ ಅಲ್ಲವೋ. ಪಾರ್ಟಿಯಾದರೆ ಸಲೀಸು. ನಾನು ಪಾರ್ಟಿ ಅಲ್ಲ, ಪಾರ್ಟಿಯ ಮಗಳು. ಅದಕ್ಕೆ ಯಾಕೆ ಬೇಕು ಅಂತ ವಿವರಿಸಿ ಅಫಿಡವಿಟ್ ಮಾಡಿಸಿ, ಅಪ್ಪನ ಮರಣ ಪತ್ರ ಮತ್ತು ವಂಶವೃಕ್ಷದ ನಕಲು ಜೊತೆಗಿಟ್ಟೆ. ಸಂಬಂಧವೇ ಇಲ್ಲದ ಮೂರನೆಯವರಾದರೆ ಕಾರಣ ಇನ್ನೂ ಗಟ್ಟಿಯಾಗಿರಬೇಕು.

ಕೌಂಟರಿನವರು ಮೊದಲು ಕೇಳಿದ್ದು ನಂಬರ್ ಅಲ್ಲ. "ವಿಲೇವಾರಿ ಆಗಿದ್ದು ಯಾವಾಗ?" ಅಂದರು. ಅಲ್ಲಿ ಮುಗಿದ ಕಡತಗಳನ್ನು ವಿಲೇವಾರಿಯಾದ ತಿಂಗಳಿನ ಲೆಕ್ಕದಲ್ಲಿ ಬಟ್ಟೆಯ ಬಸ್ತಾ ಕಟ್ಟಿ ಇಡುತ್ತಾರೆ. ತಾರೀಖು ಇದ್ದರೆ ಬಸ್ತಾ ಬಿಚ್ಚುವುದು ಒಂದೇ, ಇಲ್ಲದಿದ್ದರೆ ಇಡೀ ಅಲಮಾರು. ವೆಬ್‌ಸೈಟಿನಿಂದ ಬರೆದುಕೊಂಡಿದ್ದ ತಾರೀಖು ಅಲ್ಲಿ ಕೆಲಸಕ್ಕೆ ಬಂತು. ಅಷ್ಟರ ಮಟ್ಟಿಗೆ ಆ ಗುಡ್ಡ ಹತ್ತಿದ್ದು ದಂಡ ಅಲ್ಲ.

ಫೈನಲ್ ಡಿಕ್ರಿ ಬೇಕು, ನಂಬರ್ ಗೊತ್ತಿಲ್ಲ ಅಂದೆ. ಅವರು ಓ.ಎಸ್. ಕಡತ ತೆಗೆದು, ಹಾಳೆ ಮಗುಚಿ, ಎಫ್‌ಡಿಪಿ ನಂಬರ್ ಹುಡುಕಿ ಅಲ್ಲೇ ನನ್ನ ಅರ್ಜಿಯ ಮೇಲೆ ಬರೆದರು. ಜೊತೆಗೆ ಕೇಳಿದರು: "ನಕ್ಷೆನೂ ಬೇಕಾ? ಸರ್ವೆಗೆ ಕೇಳ್ತಾರೆ." ನಕ್ಷೆ ಅಂತ ಒಂದಿದೆ ಅನ್ನುವುದೇ ನನಗೆ ಹೊಸದು. ಇಂಥ ಮಾತು ವೆಬ್‌ಸೈಟ್ ಆಡುವುದಿಲ್ಲ, ನಾವು ಎದುರಿಗಿಲ್ಲದಿದ್ದರೆ ಗುಮಾಸ್ತರವರೆಗೆ ಬಂದು ಅಲ್ಲೇ ನಿಲ್ಲುತ್ತದೆ.

ತೊಂದರೆ ಇಲ್ಲ ಅಂತಲ್ಲ. ಪುಟ ಎಣಿಸಿದ ಮೇಲೆ ದುಡ್ಡು ಎಷ್ಟು ಕಟ್ಟಬೇಕು ಅಂತ ನೋಟಿಸ್ ಬೋರ್ಡಿಗೆ ಹಾಕುತ್ತಾರೆ. ಅದನ್ನು ಹೋಗಿಯೇ ನೋಡಬೇಕು. ಬೇಸಿಗೆ ರಜೆ, ದಸರಾ ರಜೆ ನಡುವೆ ಬಂದರೆ ಕಾಯಬೇಕು. ತುಂಬಾ ಹಳೇ ಕೇಸಿನಲ್ಲಿ ಎಲ್ಲ ಕಾಗದವೂ ಸಿಗುವುದಿಲ್ಲ. ತೀರ್ಪು, ಡಿಕ್ರಿ ಉಳಿಸಿ ಬಾಕಿಯದನ್ನು ಅವಧಿ ಮುಗಿದ ಮೇಲೆ ನಾಶ ಮಾಡಿರುತ್ತಾರೆ.

ಕಾಪಿ ಕೈಗೆ ಬಂದಾಗ ಹಿಂಬದಿಯ ಸೀಲು ನೋಡಿಕೊಳ್ಳಿ. ಅರ್ಜಿ ಹಾಕಿದ ದಿನ, ದುಡ್ಡು ಕಟ್ಟಿದ ದಿನ, ಕಾಪಿ ತಯಾರಾದ ದಿನ ಎಲ್ಲ ಅಲ್ಲಿರುತ್ತವೆ. ನನಗೆ ಅದರಿಂದ ಉಪಯೋಗ ಆಗಲಿಲ್ಲ. ಹೊಸ ತೀರ್ಪಿನ ಮೇಲೆ ಅಪೀಲು ಹೋಗುವವರಿಗೆ ಅದು ಜೀವಾಳ. ಜಿಲ್ಲಾ ಕೋರ್ಟಿಗೆ 30 ದಿನ, ಹೈಕೋರ್ಟಿಗೆ 90 ದಿನದ ಗಡುವಿನಲ್ಲಿ ಕಾಪಿಗೆ ಹಿಡಿದ ಸಮಯವನ್ನು ಕಾಲಮಿತಿ ಕಾಯ್ದೆಯ 12ನೇ ಕಲಮಿನಂತೆ ಕಳೆಯುತ್ತಾರೆ.

ನನ್ನ ಆಯ್ಕೆಗೆ ನನ್ನದೇ ಕಾರಣಗಳಿವೆ. ಸಂತೆಗೆ ಹೇಗೂ ವಾರಕ್ಕೊಮ್ಮೆ ಆ ಕಡೆ ಹೋಗುತ್ತೇನೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ನಮಗೆ ಸರ್ಕಾರಿ ಬಸ್ ಪುಕ್ಕಟೆ. ಹಾಗಾಗಿ ಖರ್ಚಾಗಿದ್ದು ಸ್ಟಾಂಪು, ಪುಟದ ದುಡ್ಡು, ಅಫಿಡವಿಟ್ಟು ಅಷ್ಟೇ. ಕಾಯುವುದಕ್ಕೂ ನನಗೆ ಬೇಜಾರಿಲ್ಲ, ಹೂವಿನ ದಾರ ಜೊತೆಗೇ ಒಯ್ಯುತ್ತೇನೆ. ಕೂಲಿ ಬಿಟ್ಟು ಬರಬೇಕಾದವರಿಗೆ ಈ ಲೆಕ್ಕ ಬೇರೆ. ಬೆಂಗಳೂರಿನಲ್ಲೋ ಮುಂಬೈಯಲ್ಲೋ ಇರುವವರಿಗಂತೂ ಗುಮಾಸ್ತರೇ ಗತಿ. ಅಂಥವರು ಫೋನಿನಲ್ಲಿ "ಡಿಕ್ರಿ ಕಾಪಿ" ಅನ್ನಬೇಡಿ. ಎಫ್‌ಡಿಪಿ ನಂಬರ್, ಫೈನಲ್ ಡಿಕ್ರಿ, ನಕ್ಷೆ ಅಂತ ವಾಟ್ಸಾಪಿನಲ್ಲಿ ಬರೆದು ಕಳಿಸಿ. ಫೀಸೂ ಅದರಲ್ಲೇ ಮಾತಾಡಿಕೊಳ್ಳಿ. ಅಫಿಡವಿಟ್ಟಿಗೆ ವಕೀಲರು ಬೇಕೇ ಬೇಕು ಅನ್ನಿಸಿದರೆ ಕೋರ್ಟಿನ ಆವರಣದಲ್ಲೇ ತಾಲ್ಲೂಕು ಕಾನೂನು ಸೇವಾ ಸಮಿತಿಯ ಕಚೇರಿ ಇರುತ್ತದೆ, ಒಮ್ಮೆ ಕೇಳಿ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಅಲ್ಲಿ ಉಚಿತ ನೆರವಿಗೆ ಅರ್ಹತೆ ಇದೆ.

ಮತ್ತೆ, ಅರ್ಜಿಯಲ್ಲಿ ಎರಡು ಪ್ರತಿ ಅಂತ ಬರೆಯಿರಿ. ನಾಡಕಚೇರಿಯವರು ಒಂದನ್ನು ಇಟ್ಟುಕೊಂಡರು. ಬೆಳೆ ಸಾಲಕ್ಕೆ ಹೋದಾಗ ಬ್ಯಾಂಕಿನವರೂ ಸೀಲು ಇರುವುದನ್ನೇ ಕೇಳಿದರು.