ಬಂದೂಕು ಕಲಿಯೋಕೆ ಎಲ್ಲಿ ಸೇರಬೇಕು? ಹುಬ್ಬಳ್ಳಿ-ಧಾರವಾಡ ಕಡೆಯ ಮೂರು ತರಬೇತಿಗಳ ಹೋಲಿಕೆ

ಅಪ್ಪನ ಹೆಸರಲ್ಲಿದ್ದ ಬೆಳೆ ರಕ್ಷಣೆ ಬಂದೂಕಿನ ಲೈಸೆನ್ಸ್ ನನ್ನ ಹೆಸರಿಗೆ ಆಗಬೇಕಿತ್ತು. ಕಲಘಟಗಿ ಕಡೆ ಹೊಲ ಇದ್ದವರಿಗೆ ಹಂದಿ ಕಾಟದ ಬಗ್ಗೆ ಬಿಡಿಸಿ ಹೇಳಬೇಕಿಲ್ಲ. 2016ರ ಆಯುಧ ನಿಯಮಗಳ ಪ್ರಕಾರ ಅರ್ಜಿಗೆ ಸುರಕ್ಷತಾ ತರಬೇತಿಯ ಪ್ರಮಾಣಪತ್ರ ಬೇಕು. ಇತ್ತ ಮಗಳಿಗೆ, 2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಎರಡು ಕಂಚು ಗೆದ್ದಾಗಿನಿಂದ ಶೂಟಿಂಗ್ ಹುಚ್ಚು. ಹೀಗಾಗಿ ನಾನು ಪೊಲೀಸರ ನಾಗರಿಕ ಬಂದೂಕು ತರಬೇತಿ ಶಿಬಿರಕ್ಕೆ ಹೋದೆ. ಮಗಳನ್ನು ಕರೆದುಕೊಂಡು ಹುಬ್ಬಳ್ಳಿಯಲ್ಲಿ ಮಹಡಿ ಮೇಲಿರುವ ಒಂದು ಏರ್ ರೈಫಲ್ ಅಕಾಡೆಮಿಗೆ, ಆಮೇಲೆ ಧಾರವಾಡದಲ್ಲಿ ತಗಡಿನ ಶೆಡ್ಡಿನಲ್ಲಿ ನಡೆಯುವ ಒಂದು ಸಣ್ಣ ಕೋಚಿಂಗಿಗೂ ಹೋದೆ. ಹೆಸರು ಯಾವುದನ್ನೂ ಹೇಳುವುದಿಲ್ಲ.

ಗುರಿ ಹಿಡಿದು ಟ್ರಿಗರ್ ಒತ್ತುವಾಗ ಎಂಥ ಉಡಾಳನೂ ಹುಷಾರಾಗೇ ಇರುತ್ತಾನೆ. ಎಡವಟ್ಟು ಆಗುವುದು ಹೊಡೆದು ಮುಗಿದ ಮೇಲೆ, ಟಾರ್ಗೆಟ್ ಕಾಗದ ಬದಲಿಸುವಾಗ, ಗುಂಡು ಹಾರದೆ ಬರೀ ‘ಟಕ್’ ಅಂದಾಗ, ಪಕ್ಕದವನ ಜೊತೆ ಮಾತಿಗೆ ತಿರುಗಿದಾಗ. ಆದ್ದರಿಂದ ಎಷ್ಟು ಗುಂಡು ಕೊಡುತ್ತಾರೆ, ಯಾವ ಕಂಪನಿಯ ರೈಫಲ್ ಎನ್ನುವುದನ್ನು ಬಿಟ್ಟು, ಯಾರೂ ಹೊಡೆಯದ ಹೊತ್ತಿನಲ್ಲಿ ನಳಿಕೆಯ ಬಾಯಿ ಯಾರ ಕಡೆ ಇದೆ ಅಂತ ನೋಡಿದೆ.

ಆ ಲೆಕ್ಕದಲ್ಲಿ ಅಕಾಡೆಮಿ ಎಲ್ಲಕ್ಕಿಂತ ಹಿಂದೆ. ನೋಡೋಕೆ ಮಾತ್ರ ಭಾರಿ: ಎಸಿ, ಗಾಜಿನ ಗೋಡೆ, ಎಲೆಕ್ಟ್ರಾನಿಕ್ ಟಾರ್ಗೆಟ್, ಜರ್ಮನ್ ರೈಫಲ್. ಸೇರಿದ ದಿನವೇ ಮಕ್ಕಳ ಕೈಗೆ ರೈಫಲ್ ಕೊಟ್ಟು ನೇರ ಕ್ಯಾಮೆರಾಕ್ಕೆ ಗುರಿ ಇಡಿಸಿ ರೀಲ್ಸ್ ಮಾಡಿದರು. ನಾನು ಹುಬ್ಬು ಗಂಟಿಕ್ಕಿದ್ದನ್ನು ನೋಡಿ ತರಬೇತುದಾರ, ‘ಇದು ಖರೇ ಬಂದೂಕಲ್ರಿ ಸರ್, ಬರೇ ಗಾಳಿ’ ಅಂದ. ಗಾಳಿಯೇ ಹೌದು. ಆದರೆ ಆ ಗಾಳಿ 4.5 ಮಿಲಿಮೀಟರಿನ ಸೀಸದ ಪೆಲೆಟ್ಟನ್ನು, ಅಂದರೆ ಪುಟ್ಟ ಗುಂಡನ್ನು, ಸೆಕೆಂಡಿಗೆ ಸುಮಾರು 170 ಮೀಟರ್ ವೇಗದಲ್ಲಿ ತಳ್ಳುತ್ತದೆ. ಕಣ್ಣು ಹೋಗಲು ಅಷ್ಟು ಸಾಕು. ಏರ್‌ಗನ್ ಪೆಲೆಟ್ಟು ತಾಗಿ ಜೀವ ಹೋದ ಪ್ರಕರಣಗಳೂ ಇವೆ. ಕಡಿಮೆ ಶಕ್ತಿಯ ಏರ್ ರೈಫಲ್‌ಗೆ ಲೈಸೆನ್ಸ್ ಬೇಡ ಎಂದರೆ ಕಾಗದಪತ್ರ ಬೇಡ ಎಂದಷ್ಟೇ ಅರ್ಥ.

ಇನ್ನೊಂದು ದಿನ ವಿಡಿಯೊ ಹುಡುಗ ಟಾರ್ಗೆಟ್ಟುಗಳ ಪಕ್ಕಕ್ಕೇ ಹೋಗಿ ಕುಕ್ಕರುಗಾಲಲ್ಲಿ ಕೂತ. ಎದುರಿನಿಂದ ಶಾಟ್ ಚೆನ್ನಾಗಿ ಬರುತ್ತದಂತೆ. ‘ನಿಮ್ಮ ಪಾಡಿಗೆ ನೀವು ಹೊಡೀರಿ, ಅಂವಾ ಸೈಡಿಗದಾನ’ ಎಂದು ಹಿಂದಿನಿಂದ ಹುಕುಂ. ಮಗಳು ರೈಫಲ್ ಕೆಳಗಿಟ್ಟು ನನ್ನ ಮುಖ ನೋಡಿದಳು. ಉಳಿದ ಮಕ್ಕಳು ಹೊಡೆಯುತ್ತಲೇ ಇದ್ದರು.

ಚಿಕ್ಕ ಸಂಗತಿಗಳೂ ಇದ್ದವು. ಹೊಸಬರಿಗೆ ಕೊಡುವುದು ನಳಿಕೆ ಮಡಚಿ ಸ್ಪ್ರಿಂಗ್ ಎಳೆಯುವ ಅಗ್ಗದ ರೈಫಲ್. ಒಬ್ಬ ಹುಡುಗ ನಳಿಕೆ ತೆರೆದಿದ್ದಾಗಲೇ ಟ್ರಿಗರ್ ಮೇಲೆ ಬೆರಳಿಟ್ಟು ಪೆಲೆಟ್ಟು ತುರುಕುತ್ತಿದ್ದ. ಜಾರಿ ಒತ್ತಿತೆಂದರೆ ನಳಿಕೆ ರಪ್ಪನೆ ಮುಚ್ಚಿಕೊಳ್ಳುತ್ತದೆ, ಒಳಗಿದ್ದ ಬೆರಳಿನ ಗತಿ ಮುಗಿಯಿತು. ಕೈ ಖಾಲಿ ಇರಲಿ ಅಂತ ಪೆಲೆಟ್ಟುಗಳನ್ನು ತುಟಿಯಲ್ಲಿ ಕಚ್ಚಿಕೊಳ್ಳುವವರು ಬೇರೆ. ಸೀಸ ವಿಷ, ಮಕ್ಕಳ ಮಿದುಳಿಗಂತೂ ಇನ್ನೂ ಕೆಟ್ಟದ್ದು. ಅದೇ ಟೇಬಲ್ಲಿನ ಮೇಲೆ ಸಮೋಸಾ ತಟ್ಟೆ ಬರುತ್ತಿತ್ತು.

ಧಾರವಾಡದ ಶೆಡ್ಡಿನಲ್ಲಿ ಇದರ ತದ್ವಿರುದ್ಧ. ಶುರುವಿನ ಕೆಲವು ದಿನ ಪೆಲೆಟ್ಟೇ ಇಲ್ಲ, ಖಾಲಿ ರೈಫಲ್ ಹಿಡಿದು ನಿಲ್ಲುವುದು, ಉಸಿರಾಡುವುದು, ಕೆಳಗಿಡುವುದು. ಮಗಳಿಗೆ ಬೇಜಾರು, ನನಗೆ ನೆಮ್ಮದಿ. ಹೊಡೆಯದ ಹೊತ್ತಿನಲ್ಲಿ ಪ್ರತಿ ರೈಫಲ್ಲಿನ ನಳಿಕೆಯೊಳಗೆ ಕಿತ್ತಳೆ ಬಣ್ಣದ ಉದ್ದ ದಾರ ತೂರಿಸಿರಬೇಕು. ಸೇಫ್ಟಿ ಫ್ಲ್ಯಾಗ್ ಅನ್ನುತ್ತಾರೆ, ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲೂ ಕಡ್ಡಾಯ. ದಾರ ಎರಡೂ ಕಡೆ ಕಂಡರೆ ಒಳಗೆ ಪೆಲೆಟ್ಟಿಲ್ಲ ಅಂತ ದೂರದಿಂದಲೇ ಗೊತ್ತಾಗುತ್ತದೆ. ಟಾರ್ಗೆಟ್ ಕಾಗದ ಹಗ್ಗ-ರಾಟೆಯಲ್ಲಿ ಹೋಗಿ ಬರುತ್ತದೆ, ಹಾಗಾಗಿ ಹೊಡೆಯುವವರು ನಿಲ್ಲುವ ಗೆರೆ ದಾಟುವ ಪ್ರಸಂಗವೇ ಇಲ್ಲ. ಒಬ್ಬ ಹುಡುಗ ರೈಫಲ್ ಸಮೇತ ಹಿಂದೆ ತಿರುಗಿದ. ಕೋಚ್ ಬೈಯಲಿಲ್ಲ, ರೈಫಲ್ ಇಸಕೊಂಡು ಹೊರಗಿನ ಬೆಂಚು ತೋರಿಸಿದರು, ಅವತ್ತಿನ ಪಾಠ ಅಲ್ಲಿಗೆ ಮುಗಿಯಿತು. ಮನೆಗೆ ಹೋಗುವ ಮುಂಚೆ ನಲ್ಲಿ ಹತ್ತಿರ ಸೋಪಿನಲ್ಲಿ ಕೈ ತೊಳೆಯಲೇಬೇಕು.

ಕೊರತೆ ಇಲ್ಲದಿಲ್ಲ. ಏಪ್ರಿಲ್‌ನಲ್ಲಿ ಆ ತಗಡಿನ ಕೆಳಗೆ ನಿಲ್ಲೋಕಾಗಲ್ಲ. ಕರೆಂಟ್ ಹೋದರೆ ಟಾರ್ಗೆಟ್ ಕಾಣುವುದಿಲ್ಲ. ರೈಫಲ್ಲುಗಳು ಹಳೆಯವು, ಗಾಳಿ ಸೋರಿ ಪೆಲೆಟ್ಟು ಕೆಳಗೆ ಬೀಳುತ್ತದೆ. ಆಗಲೇ ಜಿಲ್ಲಾ ಮಟ್ಟಕ್ಕೆ ಬಂದ ಮಕ್ಕಳಿಗೆ ಅಕಾಡೆಮಿಯ ಎಲೆಕ್ಟ್ರಾನಿಕ್ ಸ್ಕೋರಿಂಗ್ ನಿಜಕ್ಕೂ ಉಪಯೋಗ, ಅದನ್ನು ಒಪ್ಪಬೇಕು. ಶುಲ್ಕ ಮಾತ್ರ ಶೆಡ್ಡಿನಲ್ಲಿ ಅರ್ಧಕ್ಕಿಂತ ಕಡಿಮೆ.

ಪೊಲೀಸ್ ಶಿಬಿರದ ಮಾತೇ ಬೇರೆ, ಅಲ್ಲಿರುವುದು ಮದ್ದಿನ ಗುಂಡು. ಪಾಯಿಂಟ್ 22 (ಇಂಚಿನಲ್ಲಿ ಗುಂಡಿನ ಅಳತೆ) ಅಂದರೆ ಸಣ್ಣದು ಅನ್ನಿಸುತ್ತದೆ, ಆದರೆ ಗುರಿ ತಪ್ಪಿ ಮೇಲೆ ಹೋದರೆ ಒಂದೂವರೆ ಕಿಲೋಮೀಟರಿಗೂ ಆಚೆ ಬಿದ್ದೀತು. ಹಿಂದೆ ಮಣ್ಣಿನ ದಿಬ್ಬ ಇರುವ ಫೈರಿಂಗ್ ಜಾಗದಲ್ಲೇ ಹೊಡೆಸುವುದು ಅದಕ್ಕೇ. ಬೆಳಿಗ್ಗೆ ಕವಾಯತು, ರೈಫಲ್ ಬಿಚ್ಚಿ ಜೋಡಿಸುವುದು, ಬೋಲ್ಟ್ (ನಳಿಕೆಯ ಹಿಂಬದಿ ಮುಚ್ಚುವ ಭಾಗ) ತೆರೆದು ಒಳಗೆ ಗುಂಡಿಲ್ಲವೆಂದು ಕಣ್ಣಲ್ಲಿ ನೋಡಿ, ಬೆರಳು ಹಾಕಿಯೂ ನೋಡುವುದು. ಫೈರಿಂಗ್ ಕೊನೆಗೆ ಮಾತ್ರ.

ನನ್ನ ಪಕ್ಕದಲ್ಲಿ ಮಲಗಿದ್ದವನ ರೈಫಲ್ ‘ಟಕ್’ ಎಂದಿತು, ಗುಂಡು ಹಾರಲಿಲ್ಲ. ‘ಸರ್, ಇದ್ಯಾಕೋ...’ ಎನ್ನುತ್ತ ರೈಫಲ್ ಹಿಡಿದೇ ನನ್ನ ಕಡೆ ಹೊರಳಿದ. ಮಾತು ಮುಗಿಯುವ ಮೊದಲೇ ಹವಾಲ್ದಾರರ ಕೈ ನಳಿಕೆ ಮೇಲಿತ್ತು, ಬಾಯಿ ದಿಬ್ಬದ ಕಡೆಗೆ. ಅರ್ಧ ನಿಮಿಷ ಹಾಗೇ ಹಿಡಿಸಿ, ಆಮೇಲೆ ಬೋಲ್ಟ್ ತೆಗೆಸಿ, ತೋಟಾದ ಅಂಚಿನಲ್ಲಿ ಪಿನ್ನು ಬಡಿದ ಗುರುತನ್ನು ಎಲ್ಲರಿಗೂ ತೋರಿಸಿದರು. ಮದ್ದು ತಡವಾಗಿ ಹತ್ತಿಕೊಳ್ಳಬಹುದು, ಅದಕ್ಕೇ ಕಾಯಬೇಕು. ಸದ್ದು ಮೆತ್ತಗೆ ಬಂದರೆ ಇನ್ನೂ ಅಪಾಯ: ಗುಂಡು ನಳಿಕೆಯೊಳಗೇ ಸಿಕ್ಕಿಕೊಂಡಿರಬಹುದು, ಮುಂದಿನದು ಹೊಡೆದರೆ ನಳಿಕೆ ಸಿಡಿಯಬಹುದು.

ಇಲ್ಲಿಯ ದೊಡ್ಡ ಲೋಪ ಕಿವಿಯದು. ನಮಗೆ ಸಿಕ್ಕಿದ್ದು ಹತ್ತಿಯ ಉಂಡೆ. ಸಂಜೆವರೆಗೂ ಕಿವಿ ಗುಂಯ್‌ಗುಡುತ್ತಿತ್ತು. ಸ್ವಂತ ಇಯರ್ ಮಫ್ ಒಯ್ಯಿರಿ. ಸಮಾರೋಪದ ದಿನ ಮುಖ್ಯ ಅತಿಥಿ ರೈಫಲ್ ಹಿಡಿದಾಗ ಫೋಟೊದವರೆಲ್ಲ ಗೆರೆ ದಾಟಿ ಮುಂದೆ ನುಗ್ಗಿದರು. ಅಷ್ಟು ದಿನ ನಮ್ಮನ್ನು ಗದರಿದ ಹವಾಲ್ದಾರರು ಏನೂ ಅನ್ನಲಾಗದೆ ನಿಂತಿದ್ದರು. ಇಲ್ಲೂ ಕ್ಯಾಮೆರಾನೇ.

ಲೈಸೆನ್ಸಿಗೆ ಅಂತಾದರೆ ಪೊಲೀಸ್ ಶಿಬಿರ, ಮಕ್ಕಳಿಗಾದರೆ ಶೆಡ್ಡು. ಮಗಳು ಈಗಲೂ ಅಲ್ಲಿಗೇ ಹೋಗುತ್ತಾಳೆ. ನನ್ನ ಅಸಲಿ ಪ್ರಶ್ನೆಗೆ ಮಾತ್ರ ಮೂರೂ ಕಡೆ ಪಾಠ ಇರಲಿಲ್ಲ. ಅಪ್ಪನದು ನಳಿಕೆ ಬಾಯಿಂದ ಮದ್ದು ತುಂಬುವ ಒಂಟಿ ನಳಿಕೆ. ಅದು ಹಾರದಿದ್ದರೆ ಏನು ಮಾಡಬೇಕು? ತೆರೆಯೋಕೆ ಬೋಲ್ಟೇ ಇಲ್ಲ. ಚಹಾ ಹೊತ್ತಿನಲ್ಲಿ ಹವಾಲ್ದಾರರನ್ನು ಕೇಳಿದೆ. ‘ಇನ್ನೂ ಹೆಚ್ಚು ಹೊತ್ತು ಕಾಯ್ರಿ, ಬಾಯಿ ಖಾಲಿ ಹೊಲದ ಕಡೆ ಇರಲಿ, ಒಳಗ ಇಣುಕಬ್ಯಾಡ್ರಿ, ಹಾರಿಲ್ಲಂತ ಇನ್ನೊಮ್ಮಿ ಮದ್ದು ಜಡೀಬ್ಯಾಡ್ರಿ’ ಅಂದರು. ಇದನ್ನು ಕೈಹಿಡಿದು ಕಲಿಸುವವರನ್ನು ಇನ್ನೂ ಹುಡುಕುತ್ತಿದ್ದೇನೆ.