ನೀಟ್ ಮಾಕ್ ಟೆಸ್ಟ್: ಮೊಬೈಲ್, ಕೋಚಿಂಗ್, ಮನೆಯ ಜಗಲಿ

2024ರ ಮೇ 5ರಂದು ನಾನು ಮೊದಲ ಸಲ ನೀಟ್, ಅಂದರೆ ವೈದ್ಯಕೀಯ ಪ್ರವೇಶ ಪರೀಕ್ಷೆ, ಬರೆದೆ. ಕೊನೆಯ ಬೆಲ್ ಹೊಡೆದಾಗ, ಪ್ರಶ್ನೆಪತ್ರಿಕೆಯಲ್ಲಿ ಟಿಕ್ ಹಾಕಿಕೊಂಡಿದ್ದ ಹನ್ನೊಂದು ಉತ್ತರಗಳು, ಗೋಲ ತುಂಬಿ ಉತ್ತರ ಗುರುತಿಸುವ ಓಎಂಆರ್ ಹಾಳೆಗೆ ಇನ್ನೂ ಇಳಿದಿರಲಿಲ್ಲ. ಒಂದಕ್ಕೆ 4 ಅಂಕ ಅಂದರೆ 44. ಗೊತ್ತಿದ್ದ ಉತ್ತರಗಳು ಕಣ್ಣೆದುರೇ ಹೋದವು. ಬಸ್ಸಿನಲ್ಲಿ ಹಗರೆಯವರೆಗೂ ಅಪ್ಪನ ಹತ್ತಿರ ಒಂದು ಮಾತೂ ಆಡಲಿಲ್ಲ.

ಮುಂದಿನ ವರ್ಷ ಮತ್ತೆ ಕೂತೆ. ಪುಸ್ತಕ ಅದೇ, ಎನ್‌ಸಿಇಆರ್‌ಟಿ. ಮಾಕ್ ಟೆಸ್ಟ್, ಅಂದರೆ ಅಭ್ಯಾಸದ ಪರೀಕ್ಷೆ, ಬರೆಯುವ ರೀತಿಯನ್ನು ಮಾತ್ರ ಬದಲಿಸಬೇಕಿತ್ತು. ಮೊಬೈಲ್ ಆ್ಯಪ್, ಹಾಸನದ ಕೋಚಿಂಗ್ ಸೆಂಟರಿನ ಭಾನುವಾರದ ಟೆಸ್ಟ್, ಮನೆಯಲ್ಲೇ ಕಾಗದದ ಮೇಲೆ ಬರೆಯುವುದು. ಮೂರನ್ನೂ ತಿಂಗಳುಗಟ್ಟಲೆ ಮಾಡಿ ನೋಡಿದೆ.

ಆ್ಯಪ್ ಬಸ್ಸಿಗೆ ಚೆನ್ನ. ಹಗರೆಯಿಂದ ಹಾಸನ ತಲುಪುವಷ್ಟರಲ್ಲಿ ಬಯಾಲಜಿಯ ಇಪ್ಪತ್ತು ಪ್ರಶ್ನೆ ಮುಗಿಯುತ್ತಿತ್ತು. ಉತ್ತರ ತಪ್ಪಾದರೆ ಯಾಕೆ ಅಂತ ಅಲ್ಲೇ ಗೊತ್ತಾಗುತ್ತದೆ. ಆದರೆ ಮೂರು ಗಂಟೆಯ ಪೂರ್ತಿ ಟೆಸ್ಟನ್ನು ಅದರಲ್ಲಿ ಬರೆದು ಬಂದ ಅಂಕವನ್ನು ನಂಬಬೇಡಿ. ನನಗೆ ಕಾಗದದ ಮೇಲೆ ಬರುವುದಕ್ಕಿಂತ ನಲವತ್ತು, ಐವತ್ತು ಜಾಸ್ತಿಯೇ ಬರುತ್ತಿತ್ತು. ಕಾರಣ ಸುಲಭ. ಆ್ಯಪಿನಲ್ಲಿ ಗೋಲ ತುಂಬುವ ಕೆಲಸ ಇಲ್ಲ, ಉತ್ತರವನ್ನು ಎಷ್ಟು ಸಲ ಬೇಕಾದರೂ ಬದಲಿಸಬಹುದು. ಉಳಿದ ಸಮಯ ಸದಾ ಮೂಲೆಯಲ್ಲಿ ಕಾಣುತ್ತಿರುತ್ತದೆ. ನಿಜವಾದ ಪರೀಕ್ಷೆಯಲ್ಲಿ ಕೈಗಡಿಯಾರಕ್ಕೂ ಅವಕಾಶವಿಲ್ಲ. ಕಪ್ಪು ಬಾಲ್ ಪೆನ್ನಿನಲ್ಲಿ ಒಮ್ಮೆ ತುಂಬಿದ ಗೋಲ ತುಂಬಿದ್ದೇ.

ಕೋಚಿಂಗ್ ಸೆಂಟರಿನಲ್ಲಿ ಬೇರೆಯದೇ ಲಾಭ ಇದೆ. ನೂರಾರು ಮಂದಿ ಒಟ್ಟಿಗೆ ಹಾಳೆ ತಿರುಗಿಸುವ ಸದ್ದು, ಪಕ್ಕದವಳು ನಮಗಿಂತ ಮೊದಲೇ ಕೆಮಿಸ್ಟ್ರಿಗೆ ಹೋದಾಗ ಆಗುವ ಗಾಬರಿ, ಇವು ಮನೆಯಲ್ಲಿ ಸಿಗುವುದಿಲ್ಲ. ಆ ಗಾಬರಿ ಮೊದಲೇ ಅಭ್ಯಾಸವಾಗಬೇಕು. ಅಲ್ಲಿನ ಫಿಸಿಕ್ಸ್ ಸರ್ ಟೆಸ್ಟ್ ಆದ ಮೇಲೆ ಒಂದೊಂದೇ ಲೆಕ್ಕ ಬಿಡಿಸುತ್ತಿದ್ದರು, ಅದಕ್ಕೇ ಕೊಟ್ಟ ಫೀಸು ಸಾರ್ಥಕ. ಶಕ್ತಿ ಯೋಜನೆ ಇದ್ದುದರಿಂದ ನನಗೆ ಬಸ್ ಖರ್ಚೂ ಇರಲಿಲ್ಲ. ಬೇಸರವಾದದ್ದು ಎರಡು ವಿಷಯಕ್ಕೆ. ಒಂಬತ್ತು ಗಂಟೆಯ ಟೆಸ್ಟ್ ಒಂಬತ್ತೂ ನಲವತ್ತಕ್ಕೆ ಶುರುವಾಗುತ್ತಿತ್ತು. ಕೀ ಉತ್ತರದಲ್ಲಿ ಪ್ರತಿ ಸಲ ಎರಡೋ ಮೂರೋ ತಪ್ಪಿರುತ್ತಿದ್ದವು. ಇದಕ್ಕಿಂತ ದೊಡ್ಡ ತೊಂದರೆ, ಅದು ಬೆಳಗಿನ ಟೆಸ್ಟ್. ನೀಟ್ ನಡೆಯುವುದು ಮಧ್ಯಾಹ್ನ 2ಕ್ಕೆ.

ಈ ಮಧ್ಯಾಹ್ನದ ವಿಷಯ ನನಗೆ ಅರ್ಥವಾದದ್ದು ಮನೆಯಲ್ಲಿ ಬರೆಯಲು ಶುರು ಮಾಡಿದ ಮೇಲೆ. ಒಂದು ಗಂಟೆಗೆ ಮುದ್ದೆ, ಸೊಪ್ಪಿನ ಸಾರು ಊಟ ಮಾಡಿ ಎರಡಕ್ಕೆ ಕೂತರೆ ಮೂರರ ಹೊತ್ತಿಗೆ ಕಣ್ಣು ಎಳೆಯುತ್ತದೆ. ಓದಿದ ಸಾಲನ್ನೇ ಮತ್ತೆ ಓದುತ್ತೇವೆ. ಮೂರು ವಾರ ಹೀಗಾದ ಮೇಲೆ ಅಮ್ಮ ಟೆಸ್ಟ್ ದಿನ ಹನ್ನೊಂದೂವರೆಗೇ ಎರಡು ಚಪಾತಿ, ಮೊಸರನ್ನ ಕೊಡಲು ಶುರು ಮಾಡಿದರು. ಪರೀಕ್ಷೆಯ ದಿನವೂ ಒಂದೂವರೆಗೆ ಗೇಟ್ ಮುಚ್ಚುವುದರಿಂದ ಊಟ ಬೇಗ ಆಗಲೇಬೇಕು, ಅಲ್ವಾ?

ಜಗಲಿಯ ಮೇಲೆ ಮೇಜು, ಎದುರು ಗೋಡೆ ಗಡಿಯಾರ. ಝೆರಾಕ್ಸ್ ಅಂಗಡಿಯಿಂದ ಹಳೆ ಪ್ರಶ್ನೆಪತ್ರಿಕೆ, ಖಾಲಿ ಓಎಂಆರ್ ಹಾಳೆಗಳು. ಎರಡಕ್ಕೆ ತಮ್ಮ ಪತ್ರಿಕೆ ಕೊಡುತ್ತಿದ್ದ, ಐದಕ್ಕೆ ಕೈಯಿಂದ ಎಳೆದುಕೊಳ್ಳುತ್ತಿದ್ದ. ಬೇರೆ ಹಾಳೆ ಇಲ್ಲ, ರಫ್ ವರ್ಕ್ ಪ್ರಶ್ನೆಪತ್ರಿಕೆಯಲ್ಲೇ. ಏಪ್ರಿಲ್‌ನಲ್ಲಿ ನಾಲ್ಕು ಗಂಟೆಗೆ ಗುಡುಗು, ಮಳೆ, ಕರೆಂಟ್ ಹೋಗುವುದು. ಆಗಲೂ ಏಳುತ್ತಿರಲಿಲ್ಲ.

ಯಾವ ವರ್ಷದ ಪತ್ರಿಕೆ ಅನ್ನುವುದೂ ಮುಖ್ಯ. ನಾನು 2024ರಲ್ಲಿ ಬರೆದಾಗ 200 ಪ್ರಶ್ನೆಯಲ್ಲಿ 180 ಆರಿಸಿಕೊಳ್ಳಬಹುದಿತ್ತು, ಸಮಯ 200 ನಿಮಿಷ. 2025ರ ಜನವರಿಯಲ್ಲಿ ಅದನ್ನು ತೆಗೆದರು. 180 ಪ್ರಶ್ನೆ, 180 ನಿಮಿಷ, ಆಯ್ಕೆ ಇಲ್ಲ. ಆಗ 2021ರಿಂದ 24ರ ಪತ್ರಿಕೆಗಳನ್ನು ಪಕ್ಕಕ್ಕಿಟ್ಟು 2016ರಿಂದ 2020ರವನ್ನು ಹುಡುಕಿದೆ. ಅವು ಮೂರು ಗಂಟೆಗೆ 180 ಪ್ರಶ್ನೆಯವೇ. ಸಾಲಿಡ್ ಸ್ಟೇಟ್, ಸರ್ಫೇಸ್ ಕೆಮಿಸ್ಟ್ರಿಯಂಥ, 2024ರಲ್ಲಿ ಸಿಲಬಸ್‌ನಿಂದ ಹೋದ ಪಾಠಗಳ ಪ್ರಶ್ನೆ ಹೊಡೆದುಹಾಕಿ, ಆ ಜಾಗಕ್ಕೆ ಬೇರೆ ಸೇರಿಸಿಕೊಂಡೆ.

ಗೋಲ ತುಂಬುವುದರಲ್ಲೂ ಮೂರು ರೀತಿ ಮಾಡಿ ನೋಡಿದೆ. ಎಲ್ಲ ಕೊನೆಗೆ ತುಂಬುವುದು ನನ್ನ 44 ಅಂಕ ತಿಂದ ದಾರಿ. ಒಂದು ಗೋಲಕ್ಕೆ ನಾಲ್ಕು ಸೆಕೆಂಡ್ ಹಿಡಿದರೂ 180ಕ್ಕೆ 12 ನಿಮಿಷ ಬೇಕು, ಕೊನೆಯ 12 ನಿಮಿಷ ಯಾರಿಗೂ ಹಾಗೆ ಉಳಿಯುವುದಿಲ್ಲ. ಒಂದೊಂದು ಉತ್ತರಕ್ಕೂ ಆಗಲೇ ತುಂಬಿದರೆ ಬಾಕಿ ಉಳಿಯುವುದಿಲ್ಲ ನಿಜ, ಆದರೆ ಪ್ರತಿ ಸಲ ಕಣ್ಣು ಹಾಳೆಯಿಂದ ಹಾಳೆಗೆ ಹೋಗಿ ಲೆಕ್ಕದ ಎಳೆ ತಪ್ಪುತ್ತದೆ. ನನಗೆ ಒಗ್ಗಿದ್ದು ಪುಟಕ್ಕೊಮ್ಮೆ ತುಂಬುವುದು. ಒಂದು ಪುಟ ಮುಗಿಸಿ, ಅದರ ಉತ್ತರಗಳನ್ನು ಇಳಿಸಿ, ಮುಂದಿನ ಪುಟ. ಒಂದು ಪ್ರಶ್ನೆ ಬಿಟ್ಟಿದ್ದರೆ ಅದರ ಸಂಖ್ಯೆಗೆ ಸುತ್ತು ಹಾಕಿ. ಇಲ್ಲದಿದ್ದರೆ ಮುಂದಿನ ಉತ್ತರ ಅದರ ಸಾಲಿಗೆ ಬೀಳುತ್ತದೆ. ನನಗೆ ಒಂದು ಸಲ ಹಾಗಾಗಿ, ಕೆಳಗಿನ ಏಳು ಉತ್ತರ ಒಂದೊಂದು ಸಾಲು ಸರಿದುಹೋದವು. ಮನೆಯ ಟೆಸ್ಟ್ ಆದ್ದರಿಂದ ಉಳಿದುಕೊಂಡೆ. ಅಭ್ಯಾಸಕ್ಕೂ ಬಾಲ್ ಪೆನ್ನನ್ನೇ ಬಳಸಿ. ಜೆಲ್ ಪೆನ್ನಿನಲ್ಲಿ ಗೋಲ ಬೇಗ ತುಂಬುತ್ತದೆ, ಸಮಯದ ಲೆಕ್ಕ ತಪ್ಪುತ್ತದೆ.

ಯಾವ ವಿಷಯ ಮೊದಲು? ಫಿಸಿಕ್ಸ್ ಮೊದಲು ಅಂತ ಎರಡು ಟೆಸ್ಟ್ ಬರೆದೆ. ಎರಡರಲ್ಲೂ ಒಂದು ಲೆಕ್ಕಕ್ಕೆ ಸಿಕ್ಕಿಕೊಂಡು, ಬಯಾಲಜಿಯ 90 ಪ್ರಶ್ನೆಗೆ ಓಡಬೇಕಾಯಿತು. ಬಯಾಲಜಿಗೆ 50 ನಿಮಿಷ, ಕೆಮಿಸ್ಟ್ರಿಗೆ 50, ಫಿಸಿಕ್ಸ್‌ಗೆ 65 ಇಟ್ಟುಕೊಂಡೆ. 15 ನಿಮಿಷ ಕೈಯಲ್ಲಿರುತ್ತದೆ. ಕರ್ನಾಟಕದ ವೃತ್ತಿಪರ ಕೋರ್ಸ್‌ಗಳ ಪ್ರವೇಶ ಪರೀಕ್ಷೆ ಸಿಇಟಿಯನ್ನೂ ಬರೆಯುವವರು ಒಂದು ನೆನಪಿಡಿ. ಅಲ್ಲಿ ಒಂದೊಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ, ನೆಗೆಟಿವ್ ಅಂಕ ಇಲ್ಲ. ಆ ಅಭ್ಯಾಸದಲ್ಲಿ ನೀಟಿನಲ್ಲೂ ಎಲ್ಲಕ್ಕೂ ಕಣ್ಣುಮುಚ್ಚಿ ತುಂಬಿದರೆ ಪ್ರತಿ ತಪ್ಪಿಗೂ ಒಂದು ಅಂಕ ಹೋಗುತ್ತದೆ.

ಕೊನೆಗೆ ನಾನು ಹಿಡಿದದ್ದು ಇಷ್ಟು: ವಾರಕ್ಕೊಂದು ಜಗಲಿಯ ಟೆಸ್ಟ್, ತಿಂಗಳಿಗೆ ಎರಡು ಕೋಚಿಂಗಿನದು, ಮೊಬೈಲ್ ಬಸ್ಸಿನಲ್ಲಿ ಮಾತ್ರ. ಒಂದೇ ಆರಿಸಿ ಅಂದರೆ ಜಗಲಿ.

2025ರ ಮೇ 4ರಂದು ಫಿಸಿಕ್ಸ್ ತುಂಬಾ ಕಷ್ಟವಾಗಿತ್ತು. ನಾನು ಆ ಪುಟಗಳನ್ನು ತೆರೆದಾಗ 3.45. ಬಯಾಲಜಿ, ಕೆಮಿಸ್ಟ್ರಿಯ ಗೋಲಗಳೆಲ್ಲ ಆಗಲೇ ತುಂಬಿದ್ದವು. ಬರುವಷ್ಟನ್ನು ಮಾಡಿ, ಕೊನೆಯ ಪುಟದ ಗೋಲ ತುಂಬಿದಾಗ 4.52. ಸುತ್ತು ಹಾಕಿಟ್ಟಿದ್ದ ಎರಡು ಲೆಕ್ಕಕ್ಕೆ ವಾಪಸ್ ಹೋದೆ. ಒಂದು ಬಂತು.